ಅಜ್ಜಿ ಬಿಟ್ಟ ಅಕ್ಕಡಿ ಸಾಲು

ನಮ್ಮ ಮನೆಯಲ್ಲಿ ಅತಿ ಗೌರವದ ಜಾಗವೆಂದರೆ ನಡುಮನೆಯ ದೊಡ್ಡ ಕಂಬದ ಬುಡ. ತೊಟ್ಟಿಯ ಬೆಳಕು ನೇರ ಅಲ್ಲಿಗೆ ಬೀಳುತ್ತಿತ್ತು, ಅಡಿಗೆಮನೆಯ ಬಿಸಿ ಅಲ್ಲಿಯತನಕ ಬರುತ್ತಿತ್ತು, ಬೀದಿಬಾಗಿಲಿನಿಂದ ಒಳಗೆ ಬಂದವರಿಗೆ ಮೊದಲು ಕಾಣುತ್ತಿದ್ದದ್ದು ಅಲ್ಲಿ ಕೂತವರೇ. ನೆಂಟರು ಬಂದರೆ ಅಲ್ಲಿ ಕಂಬಳಿ ಹಾಸುತ್ತಿದ್ದರು. ಒಂದು ಸುಗ್ಗಿಯಲ್ಲಿ ಅಜ್ಜಿ ಕಾಲು ಮುರಿದುಕೊಂಡ ಮೇಲೆ ಆ ಜಾಗ ಅವಳದಾಯಿತು. ಹಗಲೂ ಅಲ್ಲಿ, ರಾತ್ರಿಯೂ ಅಲ್ಲಿ. ಊಟ ಅಲ್ಲಿಗೆ, ನೀರು ಅಲ್ಲಿಗೆ, ಎಲೆ ಅಡಿಕೆ ಹೊಗೆಸೊಪ್ಪು ಅಲ್ಲಿಗೆ. ಪಿರಿಯಾಪಟ್ಟಣದ ಸಂತೆಗೆ ಹೋಗುವ ಹೆಂಗಸರು ನಮ್ಮ ಬೀದಿಯಲ್ಲಿ ಹಾಯುವಾಗ ಒಳಗೆ ಇಣುಕಿ ನೋಡುತ್ತಿದ್ದರು.

"ಸೊಸೆ ಅಂದ್ರೆ ಇಂಗಿರ್ಬೇಕು ಕಣ್ರವ್ವ. ಅತ್ತೇನ ಊವಿನಂಗೆ ಮಡಗವಳೆ."

ಆ ಸೊಸೆ ನನ್ನ ಅವ್ವ. ಆ ಮಾತು ನಮ್ಮ ಮನೆಯ ಬಾಗಿಲಿಗೆ ಕಟ್ಟಿದ ತೋರಣದ ಹಾಗಿತ್ತು. ತೋರಣದ ಕೆಳಗೆ ಕೂತವಳು ದಿನದಿಂದ ದಿನಕ್ಕೆ ಒಣಗುತ್ತಿದ್ದಾಳೆಂಬುದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಇದನ್ನು ಬರೆಯುವಾಗ ನನಗೆ ನನ್ನ ಮೇಲೆ ಪೂರ್ತಿ ನಂಬಿಕೆಯಿಲ್ಲ. ದಿನಚರಿ ಬರೆಯುವ ಅಭ್ಯಾಸ ಹತ್ತಿದ್ದು ಮೈಸೂರಿನ ಕಾಲೇಜಿಗೆ ಸೇರಿದ ಮೇಲೆ. ಅಲ್ಲಿಂದ ಇವತ್ತಿನವರೆಗೆ ಬರೆದು ನಾನು ಕಲಿತ ಪಾಠವೆಂದರೆ, ನಿನ್ನೆ ನಡೆದದ್ದನ್ನೇ ಇವತ್ತು ನಾನು ಒಂದಿಷ್ಟು ತಿದ್ದಿ ಬರೆಯುತ್ತೇನೆ ಎಂಬುದು. ಹಾಗಿರುವಾಗ ಮೂರನೆಯ ಕ್ಲಾಸಿನ ಹುಡುಗಿಯೊಬ್ಬಳು ಕಂಡದ್ದನ್ನು, ಅವಳ ಅಜ್ಜಿಯ ವಯಸ್ಸು ನನಗೇ ಬಂದಿರುವ ಈಗ, ಎಷ್ಟರಮಟ್ಟಿಗೆ ನಂಬಬೇಕು? ಅವ್ವ ಬದುಕಿದ್ದಾಗ ಅವಳನ್ನು ಕೇಳಿದ್ದೆ. ಕೆಲವಕ್ಕೆ ಹೌದೆಂದಳು, ಕೆಲವಕ್ಕೆ ನಕ್ಕುಬಿಟ್ಟಳು. ನಮ್ಮಿಬ್ಬರ ನೆನಪು ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಹೇಳಿಯೇ ಮುಂದೆ ಹೋಗುತ್ತೇನೆ.

ಅಜ್ಜಿಯ ಹೆಸರು ಕೆಂಪಮ್ಮ. ನನ್ನ ಅಪ್ಪನ ತಾಯಿ. ಕಣದಲ್ಲಿ ರಾಗಿ ತೂರುತ್ತಿದ್ದಾಗ, ಹೊಸದಾಗಿ ಸಗಣಿ ಸಾರಿಸಿದ ನೆಲದ ಮೇಲೆ ಕಾಲು ಜಾರಿ ಬಿದ್ದಳು. ಎಡಗಾಲಿನ ಮೊಣಕಾಲ ಕೆಳಗಿನ ಮೂಳೆ ಲಟಕ್ಕನೆ ಮುರಿಯಿತು. ಅಪ್ಪ ಪಕ್ಕದಲ್ಲೇ ಇದ್ದ. ಅವಳನ್ನು ಎರಡು ಕೈಯಲ್ಲಿ ಎತ್ತಿಕೊಂಡು ಕಣದಿಂದ ಮನೆಯವರೆಗೆ ಎಲ್ಲೂ ಇಳಿಸದೆ ನಡೆದು ಬಂದ. ಹೆಗ್ಗಡದೇವನಕೋಟೆಯ ಕಡೆಯಿಂದ ಮೂಳೆ ಕಟ್ಟುವ ಮುದುಕನೊಬ್ಬನನ್ನು ಗಾಡಿಯಲ್ಲಿ ಕರೆತಂದರು. ಅವನು ಬಿದಿರ ದಬ್ಬೆ ಇಟ್ಟು, ಉದ್ದಿನ ಹಿಟ್ಟನ್ನು ಕೋಳಿಮೊಟ್ಟೆಯ ಬಿಳಿಯಲ್ಲಿ ಕಲಸಿ ಬಳಿದು, ಬಟ್ಟೆ ಸುತ್ತಿ ಕಟ್ಟಿದ. ಶಿವರಾತ್ರಿ ಕಳೆದ ಮೇಲೆ ಬಂದು ಬಿಚ್ಚಿದ. ಬೆರಳಿನಿಂದ ಒತ್ತಿ ನೋಡಿ, "ಕೂಡ್ಕಂಡದೆ. ಇನ್ನು ವಸಿ ವಸಿ ನಡಿಯವ್ವ" ಅಂದ. ಅಷ್ಟು ಹೇಳಿ ಊಟ ಮಾಡಿ ಹೋದ.

ನಮ್ಮವರು ಆ ಮಾತಿನ ಮೊದಲರ್ಧವನ್ನಷ್ಟೇ ಕೇಳಿಸಿಕೊಂಡರು. ಮೂಳೆ ಕೂಡಿತು ಎಂದು ಸಂತೋಷಪಟ್ಟರು, ಅಜ್ಜಿಯನ್ನು ಏಳಗೊಡಲಿಲ್ಲ. ಅವಳು ಕಂಬ ಹಿಡಿದು ಏಳಹೋದರೆ ಅವ್ವ ಒಲೆಯ ಮುಂದಿನಿಂದ ಓಡಿಬರುತ್ತಿದ್ದಳು. "ಕುಂತ್ಕಳಿ ಅತ್ತೆ, ಏನು ಬೇಕು ಯೋಳಿ, ನಾನಿಲ್ವಾ?" ಅಜ್ಜಿ ಅವರೆಕಾಯಿ ಸುಲಿಯಲು ಕೈ ಚಾಚಿದರೆ ಮೊರವೇ ಅಲ್ಲಿಂದ ಮಾಯ. "ಈ ವಯಸ್ಸಲ್ಲಿ ನಿಮಗ್ಯಾಕೆ?" ಅವ್ವನ ದನಿಯಲ್ಲಿ ಸುಳ್ಳು ಇರಲಿಲ್ಲ. ತಾಯಿಯಿಲ್ಲದೆ ಬೆಳೆದವಳು, ಸೇವೆ ಮಾಡಲು ಒಬ್ಬ ಹಿರಿಯಳು ಸಿಕ್ಕಳೆಂದು ಅವಳಿಗೆ ಅದೇ ಒಂದು ಹಿಗ್ಗು. ಆದರೆ ಅಜ್ಜಿಯ ತಟ್ಟೆಯಲ್ಲಿ ಮುದ್ದೆ ಚಿಕ್ಕದಾಗುತ್ತ ಬಂತು. "ಕುಂತು ತಿಂದ್ರೆ ಗಂಟ್ಲಲ್ಲಿ ಇಳಿಯಕಿಲ್ಲ ಕಣ್ ಕೂಸೇ" ಎಂದು ಉಳಿದದ್ದನ್ನು ನನಗೆ ಕೊಡುತ್ತಿದ್ದಳು. ಇನ್ನೊಂದು ಸಂಗತಿ ನನಗೆ ಮಾತ್ರ ಗೊತ್ತಿತ್ತು. ನಾನು ಚೊಂಬಿನಲ್ಲಿ ತಂದುಕೊಡುತ್ತಿದ್ದ ನೀರಿನಲ್ಲಿ ಒಂದು ಗುಟುಕು ಕುಡಿದು, ಮಿಕ್ಕದ್ದನ್ನು ಯಾರೂ ನೋಡದಾಗ ಕಂಬದ ಕಲ್ಲಿನ ಪಕ್ಕದ ಸಂದಿಗೆ ಸುರಿಯುತ್ತಿದ್ದಳು. ಆ ನೆಲ ಯಾವಾಗಲೂ ಒದ್ದೆ. ಏಕೆ ಹಾಗೆ ಮಾಡುತ್ತಾಳೆಂದು ಆಗ ತಿಳಿಯಲಿಲ್ಲ. ನೀರು ಕುಡಿದರೆ ಹಿತ್ತಲಿಗೆ ಹೋಗಬೇಕು, ಹಿತ್ತಲಿಗೆ ಹೋಗಬೇಕಾದರೆ ಸೊಸೆಯನ್ನು ಕರೆಯಬೇಕು. ಇದನ್ನು ನಿಜಕ್ಕೂ ಕಂಡೆನೋ, ನನ್ನ ಮೊಣಕಾಲು ಹಿಡಿದುಕೊಳ್ಳುವ ಈ ದಿನಗಳಲ್ಲಿ ಕಟ್ಟಿಕೊಂಡೆನೋ ಎಂದು ಬಹಳ ಯೋಚಿಸಿದ್ದೇನೆ. ಒದ್ದೆ ನೆಲ ಮಾತ್ರ ನಿಜ. ಅಲ್ಲಿ ಆಡಿಕೊಂಡು ನನ್ನ ಲಂಗ ಕೆಸರಾಗಿ ಅವ್ವನ ಕೈಯಲ್ಲಿ ಏಟು ತಿಂದದ್ದು ನೆನಪಿದೆ.

ಅಕ್ಕಡಿಯ ಮಾತು ಬಂದದ್ದು ಯುಗಾದಿ ಹತ್ತಿರವಾದಾಗ. ನಮ್ಮ ಕಡೆಯ ಕೆಂಪು ಹೊಲಗಳಲ್ಲಿ ರಾಗಿ ಬಿತ್ತುವಾಗ ಗಂಡಸರು ಎತ್ತು ಕಟ್ಟಿದ ಕೂರಿಗೆಯಲ್ಲಿ ರಾಗಿ ಬಿಡುತ್ತ ಮುಂದೆ ಹೋಗುತ್ತಾರೆ. ಅದರ ಹಿಂದೆ ಹಗ್ಗ ಕಟ್ಟಿದ ಒಂದು ಬಿದಿರಿನ ಕೊಳವೆ ಇರುತ್ತದೆ, ಸಡ್ಡೆ ಅನ್ನುತ್ತಾರೆ. ಮನೆಯ ಹೆಂಗಸು ಸಡ್ಡೆಯನ್ನು ಒಂದು ಕೈಯಲ್ಲಿ ಸಾಲಿಗೆ ಊರಿ ಹಿಡಿದು, ಮಡಿಲಿನಿಂದ ಅವರೆಯನ್ನೋ ಜೋಳವನ್ನೋ ಇನ್ನೊಂದು ಕೈಯಲ್ಲಿ ಬಿಡುತ್ತ ಹಿಂದೆ ನಡೆಯುತ್ತಾಳೆ. ರಾಗಿಯ ನಡುವೆ ದೂರ ದೂರಕ್ಕೆ ಬರುವ ಆ ಸಾಲೇ ಅಕ್ಕಡಿ. ರಾಗಿ ಗಂಡಸರ ಲೆಕ್ಕ, ಅಕ್ಕಡಿ ಹೆಂಗಸರದು. ಅವರೆ ಎಷ್ಟು, ಹುಚ್ಚೆಳ್ಳು ಎಷ್ಟು, ಯಾವ ನೆಂಟರ ಮನೆಗೆ ಯಾವ ಕಾಳು, ಎಲ್ಲವೂ ಸಡ್ಡೆ ಹಿಡಿದವಳ ಮಾತು. ಬೂದಿ ಬೆರೆಸಿ ಬಿತ್ತನೆ ಬೀಜ ತುಂಬಿಟ್ಟ ಮಡಕೆಗಳೂ ಅವಳ ವಶ. ಅಜ್ಜಿ ಮದುವೆಯಾಗಿ ಬಂದು ತನ್ನ ಅತ್ತೆಯಿಂದ ಸಡ್ಡೆ ತೆಗೆದುಕೊಂಡ ಮೇಲೆ ಅದು ಬೇರೆ ಕೈಗೆ ಹೋಗಿರಲಿಲ್ಲ.

ಅಪ್ಪ ಉಣ್ಣುತ್ತ ಕೂತು, ಅವ್ವನಿಗೆ ಹೇಳುವ ಹಾಗೆ, ಕಂಬದವರೆಗೂ ಕೇಳಿಸುವ ಹಾಗೆ ಹೇಳಿದ.

"ಈ ಸಲ ಅಕ್ಕಡಿ ನೀನೇ ಬುಡು. ಅವ್ವನ ಕೈಲಿ ಎಲ್ಲಿ ಆಯ್ತದೆ."

ಅವ್ವ ಸಾರು ಬಡಿಸಿದಳು. ಅಜ್ಜಿ ಬಾಯಿಗೆ ಹಾಕಿಕೊಳ್ಳಲು ತಿಕ್ಕುತ್ತಿದ್ದ ಹೊಗೆಸೊಪ್ಪನ್ನು ಮತ್ತೆ ಸಂಚಿಯೊಳಗೆ ಇಟ್ಟು, ಸಂಚಿಯ ದಾರ ಎಳೆದು ಕಟ್ಟಿದಳು. ಅವತ್ತಿನಿಂದ ಮುಂಗಾರಿನವರೆಗೂ ಅವಳ ಮನಸ್ಸಿನಲ್ಲಿ ಇದ್ದದ್ದು ಅದೊಂದೇ ಎಂದು ನಾನು ಬಲ್ಲೆ. ಯಾಕೆಂದರೆ ಅವಳು ನನ್ನನ್ನು ದಿನವೂ ಕೇಳುತ್ತಿದ್ದಳು: "ಮಡಕೆ ಬಾಯಿ ಕಟ್ಟಿದ್ದು ಅಂಗೇ ಅದಾ ಕೂಸೇ? ಯಾರಾದ್ರೂ ಬಿಚ್ಚವರಾ?"

ಎದುರುಮನೆಯ ಬೋರಮ್ಮ ಅಜ್ಜಿಯ ವಾರಿಗೆಯವಳು, ಅವಳಷ್ಟೇ ಬಾಯಿ. ಬೋರಮ್ಮನಿಗೆ ಕಾಲು ಗಟ್ಟಿ, ಕಣ್ಣಿಗೆ ಪೊರೆ ಬಂದು ಎಲ್ಲವೂ ಮಬ್ಬು. ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕುತ್ತೇನೆಂದು ಹರಳೆಣ್ಣೆಯ ಗಿಂಡಿ ಹಿಡಿದು ಬಂದಾಗ ಅಜ್ಜಿ ಸೀರೆ ಎಳೆದು ಕಾಲು ಮುಚ್ಚಿಕೊಂಡಳು.

"ಬ್ಯಾಡ ಕಣೆ ಬೋರಿ. ಮಾಡಿಸ್ಕಂಡು ನಾನು ತೀರಿಸೋದು ಯಾವಾಗ?"

ಇದು ನಮ್ಮ ಸೀಮೆಯವರಿಗೆ ಮಾತ್ರ ಅರ್ಥವಾಗುವ ಹಟ. ನಮ್ಮಲ್ಲಿ ನಾಟಿಗೆ, ಕಳೆಗೆ, ಕೊಯ್ಲಿಗೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗುವುದು ಮುಯ್ಯಾಳಾಗಿ. ಕೂಲಿಯಿಲ್ಲ. ಇವತ್ತು ನೀನು ಬಂದೆ, ನಾಳೆ ನಾನು ಬರುತ್ತೇನೆ. ಬಂದ ಮುಯ್ಯಿಯನ್ನು ತೀರಿಸದವಳ ಕಡೆ ಊರು ಒಂದು ಥರ ನೋಡುತ್ತದೆ. ಜೀವಮಾನವೆಲ್ಲ ಮುಯ್ಯಿಯಲ್ಲಿ ಮುಂದಿದ್ದ ಅಜ್ಜಿಗೆ, ಬರೀ ತೆಗೆದುಕೊಳ್ಳುವುದೆಂದರೆ ಊರಿನ ಲೆಕ್ಕದಿಂದ ಹೆಸರು ಹೊಡೆಸಿಕೊಂಡ ಹಾಗೆ. ಸೊಸೆಯ ಸೇವೆಯನ್ನು ತಡೆಯಲಾರಳು, ಊರಿನವರದನ್ನಾದರೂ ತಡೆಯುತ್ತಿದ್ದಳು. ಬೋರಮ್ಮ ಗಿಂಡಿ ಎತ್ತಿಕೊಂಡು, "ಬಿದ್ದಿರು, ಮರದ ಬೊಡ್ಡೆ ಅಂಗೆ" ಎಂದು ಬೈದು ಹೋದಳು.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಮತ್ತೆ ಬಂದಳು. ಈ ಸಲ ಗಿಂಡಿಯಿರಲಿಲ್ಲ, ಸೊಂಟದ ಮೇಲೆ ಎರಡೂ ಕೈಯಿದ್ದವು. ಬಾಗಿಲಲ್ಲೇ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಲೇ ಕೆಂಪಿ, ನನ್ನ ಮುಯ್ಯಿ ಯಾವಾಗ ತೀರಿಸೀಯೇ?"

"ಯಾವ ಮುಯ್ಯಿನೆ?"

"ಓದ ಸುಗ್ಗೀಲಿ ನೀನು ಬಿದ್ದು ಕುಯ್ಯೋ ಅಂತಿದ್ದಾಗ, ನಿಮ್ ಕಣದ ರಾಗೀನೆಲ್ಲ ಕೇರಿ ಚೀಲಕ್ಕೆ ತುಂಬ್ದೋಳು ಯಾರು? ನಿಮ್ಮಪ್ಪನಾ?"

ಅವ್ವ ಅಡಿಗೆಮನೆಯಿಂದ ಓಡಿಬಂದಳು. "ಅಯ್ಯೋ ಬೋರವ್ವ, ಅತ್ತೆ ಇರೋದು ನಿಮ್ಮ ಕಣ್ಣಿಗೆ ಕಾಣಕಿಲ್ವಾ?"

"ನನ್ನ ಕಣ್ಣಿಗೆ ಏನೂ ನೆಟ್ಟಗೆ ಕಾಣಕಿಲ್ಲ ಕಣವ್ವ. ಅದ್ಕೇ ಬಂದಿರೋದು."

ಸಂಗತಿ ಇಷ್ಟು. ಬೋರಮ್ಮನ ಮೊಮ್ಮಗಳು, ತಾಯಿಯಿಲ್ಲದ ಹುಡುಗಿ, ಯಡತೊರೆಯ ಕಡೆಯ ಗಂಡನ ಮನೆಯಿಂದ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿತ್ತು. ಅದಕ್ಕೆ ಎಣ್ಣೆ ತಿಕ್ಕಿ ನೀರು ಹಾಕಬೇಕು. ಮಬ್ಬುಗಣ್ಣಿನಲ್ಲಿ ಬಿಸಿನೀರಿನ ಪಕ್ಕ ಹಸಿಗೂಸನ್ನು ಹಿಡಿಯಲು ಬೋರಮ್ಮನಿಗೆ ಧೈರ್ಯವಿಲ್ಲ. ಊರಿನ ಅರ್ಧ ಮಕ್ಕಳು ಮೊದಲ ನೀರು ಕಂಡಿದ್ದು ಅಜ್ಜಿಯ ಕಾಲಿನ ಮೇಲೆ.

ಹಟ್ಟಿಯಲ್ಲಿ ಎತ್ತಿಗೆ ಹುಲ್ಲು ಹಾಕುತ್ತಿದ್ದ ಅಪ್ಪನಿಗೂ ಕೇಳಿಸಿತು. ಸಿಟ್ಟಿನಿಂದಲೇ ಬಂದ.

"ಏನ್ ಬೋರವ್ವ, ಕಾಲು ಮುರ್ಕಂಡು ಕುಂತೋರ ತಾವ ಮುಯ್ಯಿ ಕೇಳೀಯಾ? ನಾಳೆ ನಮ್ಮನೆ ಆಳು ಕಳಿಸ್ತೀನಿ, ತೀರ್ತದೆ ಬುಡು."

"ನಿಮ್ಮನೆ ಆಳು ಬಂದು ನನ್ನ ಮರಿಮಗೀಗೆ ಎಣ್ಣೆ ತಿಕ್ಕಿ ನೀರು ಉಯ್ದಾನೇನ್ಲಾ?"

"ಅಂಗಾದ್ರೆ ಕೂಸ್ನ ಇಲ್ಲಿಗೇ ತತ್ತಾ."

"ಎಸ್ರು ಇಡೋಕ್ ಮುಂಚೆ ಕೂಸ್ನ ಒಸ್ಲು ದಾಟಿಸ್ತಾರೇನ್ಲಾ, ಬುದ್ಧಿ ಇಲ್ದೋನೆ?"

ಹೆಸರಿಡುವವರೆಗೆ ಕೂಸು ಹೊಸಿಲು ದಾಟುವಂತಿಲ್ಲ, ಅದು ಎಲ್ಲರಿಗೂ ಗೊತ್ತು. ದಾಟಬೇಕಾದವಳು ಅಜ್ಜಿಯೇ. ಎಲ್ಲರೂ ಕಂಬದ ಕಡೆ ನೋಡಿದೆವು. ಅಜ್ಜಿ ತನ್ನ ಎಡಗಾಲನ್ನು, ಬೇರೆ ಯಾರದ್ದೋ ಸಾಮಾನನ್ನು ನೋಡುವ ಹಾಗೆ ನೋಡುತ್ತಿದ್ದಳು. ಆಮೇಲೆ ಸೀರೆಯ ಸೆರಗನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು.

"ನೀರು ಕಾಯಾಕೆ ಇಟ್ಟಿದ್ದೀಯೇನೆ?"

ಅಪ್ಪ ಎತ್ತಿಕೊಳ್ಳಲು ಬಾಗಿದ. ಅಜ್ಜಿ ಅವನ ಕೈಗೆ ಹೊಡೆದಳು. "ಎತ್ತಿಸ್ಕಂಡು ಓದ್ರೆ ಅದು ನಿನ್ನ ಮುಯ್ಯಿ ಆಯ್ತದೆ, ನಂದಲ್ಲ" ಎಂದು, ಕೂತಲ್ಲಿಂದಲೇ ಎರಡು ಅಂಗೈ ನೆಲಕ್ಕೂರಿ, ಕುಂಡೆಯ ಮೇಲೆ ಜರುಗುತ್ತ ಹೊರಟಳು. ಹೊಸಿಲಿನ ಹತ್ತಿರ ಸ್ವಲ್ಪ ಸುಧಾರಿಸಿಕೊಂಡಳು. ಜಗಲಿ ಇಳಿದಳು. ಬೀದಿಯ ಧೂಳಿನಲ್ಲಿ ಹಾಗೇ ಜರುಗಿದಳು. ಮನೆಮನೆಯ ಜಗಲಿಯಲ್ಲಿ ಜನ ಎದ್ದು ನಿಂತರು. ಅಪ್ಪ ತಲೆ ತಗ್ಗಿಸಿ ಬಾಗಿಲ ಪಟ್ಟಿ ಹಿಡಿದು ನಿಂತಿದ್ದ, ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅಷ್ಟು ದಿನ ಹೊಗಳಿದ್ದ ಊರು ಈಗ ಏನನ್ನುತ್ತದೋ ಎಂಬ ಭಯ ಅವಳಿಗೆ. ಹುಣಸೂರಿನ ಕಡೆಯಿಂದ ಒಂದು ಗಾಡಿ ಬಂತು. ಬೀದಿಯ ನಡುವೆ ಕೂತಿದ್ದ ಅಜ್ಜಿ ಒಂದು ಕೈ ಎತ್ತಿ, "ವಸಿ ತಡ್ಕಳಪ್ಪ, ದಾರಿ ನಿಮ್ಮಪ್ಪಂದೇನೂ ಅಲ್ಲ" ಅಂದಳು. ಗಾಡಿಯವನು ಎತ್ತು ನಿಲ್ಲಿಸಿದ. ಅವಳ ಹಿಂದೆ ಬೋರಮ್ಮ ನಡೆಯುತ್ತ, "ಸ್ಯಾನೆ ಅವಸರ ಮಾಡ್ಬ್ಯಾಡ, ನೀರು ಇನ್ನೂ ಕಾದಿಲ್ಲ" ಎನ್ನುತ್ತಿದ್ದಳು. ಅವ್ವನ ಪ್ರಕಾರ ಗಾಡಿಯೇನೂ ಬರಲಿಲ್ಲ, ಅದು ನಾನು ಸೇರಿಸಿದ್ದು. ಇರಬಹುದು. ಆದರೆ ಆ ಎತ್ತಿದ ಕೈಯನ್ನು ನಾನು ಎಲ್ಲಿಂದ ತಂದೇನು?

ಬಚ್ಚಲಿನಲ್ಲಿ ಅಜ್ಜಿ ಮಣೆಯ ಮೇಲೆ ಕೂತು ಕಾಲು ಚಾಚಿದಳು. ಮುರಿದ ಜಾಗದಲ್ಲಿ ಮೂಳೆ ಗಂಟು ಕಟ್ಟಿತ್ತು. ಒಳ್ಳೆಯ ಕಾಲಿನ ಮೇಲೆ ಕೂಸನ್ನು ಬೋರಲು ಮಲಗಿಸಿಕೊಂಡು, ಗಂಟುಗಾಲನ್ನು ಪಕ್ಕಕ್ಕೆ ಒರಗಾಗಿ ಕೊಟ್ಟಳು. ಮೊಣಕೈ ಅದ್ದಿ ನೀರಿನ ಬಿಸಿ ನೋಡಿದಳು. ಎಣ್ಣೆ ಕೂಸಿನ ಬೆನ್ನಿಗೆ ಮುಟ್ಟಿದ್ದೇ ತಡ, ಕೈಗೆ ಹಳೆಯ ದಾರಿ ಸಿಕ್ಕಿತು. ಬೆನ್ನು, ಭುಜ, ತೊಡೆ, ಹಿಮ್ಮಡಿ. ಅಂಗಾತ ತಿರುಗಿಸಿ ಮೂಗಿನ ದಿಂಡು ತೀಡಿ, ಹಣೆ ಒತ್ತಿ, ಕಡಲೆಹಿಟ್ಟು ಸವರಿ, ಕಿವಿಗೆ ನೀರು ಹೋಗದಂತೆ ಅಂಗೈ ಮರೆಮಾಡಿ ಹುಯ್ದಳು. ಕೂಸು ಮೊದಲು ಕಿರುಚಿತು, ಆಮೇಲೆ ಅವಳ ಕಾಲಿನ ಮೇಲೆಯೇ ನಿದ್ದೆ ಹೋಯಿತು. ಸಾಂಬ್ರಾಣಿ ಹೊಗೆ ಹಾಕಿ ಬಾಣಂತಿಯ ಮಡಿಲಿಗೆ ಕೊಟ್ಟ ಮೇಲೆ ಅಜ್ಜಿ ಕೇಳಿದಳು: "ಬೋರಿ, ಕುಡಿಯಾಕೆ ನೀರು ಕೊಡೆ." ಕೊಟ್ಟ ಚೊಂಬನ್ನು ಕತ್ತೆತ್ತಿ ಗಟಗಟ ಪೂರ್ತಿ ಕುಡಿದಳು. ಸುರಿಯಲು ಒಂದು ಹನಿಯೂ ಉಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಬೋರಮ್ಮನ ಹೆಗಲು ಹಿಡಿದು, ಒಂದೇ ಕಾಲಿನ ಮೇಲೆ ಕುಪ್ಪಳಿಸುತ್ತ, ಅವಳ ಹಿತ್ತಲಿಗೆ ಹೋದಳು. ಒಬ್ಬಳು ದಾರಿ ಹೇಳುವವಳು, ಇನ್ನೊಬ್ಬಳು ಹೊರುವವಳು. ಕುರುಡ ಕುಂಟರ ಹಳೆಯ ಕಥೆ ಓದುಗರಿಗೆ ನೆನಪಾದೀತು. ಆ ಕಥೆಯಲ್ಲಿ ಇಬ್ಬರೂ ಜಗಳವಾಡುವುದಿಲ್ಲ. ಇವರು ಹಿತ್ತಲ ಬಾಗಿಲಿನವರೆಗೆ ಒಂದೇ ಸಮ ಬೈದಾಡಿಕೊಂಡರು.

"ಕಲ್ಲದೆ ಕಣೆ ಮುಂದೆ, ಎಡಕ್ಕೆ, ಎಡಕ್ಕೆ ಅಂದ್ರೆ!"

"ನನ್ನ ಎಡಾನೋ ನಿನ್ನ ಎಡಾನೋ? ಸರಿಯಾಗಿ ಯೋಳಮ್ಮಿ!"

ಅವತ್ತು ಸಂಜೆ ಬೋರಮ್ಮ ಎಣ್ಣೆಯ ಗಿಂಡಿ ಹಿಡಿದು ಬಂದಾಗ ಅಜ್ಜಿ ಕಾಲು ಮುಚ್ಚಿಕೊಳ್ಳಲಿಲ್ಲ. "ಬೆಳಿಗ್ಗೆ ನೀರು ಹಾಕಿದ್ದು ಎರಡು ಮುಯ್ಯಿ ಕಣೆ. ಓದ ಸುಗ್ಗೀದು ತೀರ್ತು. ಈಗ ನೀನೇ ನಂಗೆ ಬಾಕಿ" ಎಂದು ಕಾಲು ಚಾಚಿದಳು. ಬೋರಮ್ಮ ಗಂಟಿನ ಸುತ್ತ ಬೇಕೆಂದೇ ಜೋರಾಗಿ ಒತ್ತಿ ಸೇಡು ತೀರಿಸಿಕೊಂಡಳು. ಮರುದಿನ ಮತ್ತೆ ಕೂಸಿನ ನೀರು, ಮತ್ತೆ ಎಣ್ಣೆ. ಬೋರಮ್ಮನ ರಾಗಿಯಲ್ಲಿ ಕಲ್ಲು ಆರಿಸಲು ಅಜ್ಜಿಯ ಕಣ್ಣು, ಅಜ್ಜಿ ಕಂಬ ಬಿಟ್ಟು ನಿಲ್ಲಲು ಬೋರಮ್ಮನ ತೋಳು. ಯಾರು ಯಾರಿಗೆ ಬಾಕಿ ಎಂಬ ಜಗಳ ದಿನವೂ ನಡೆಯಿತು, ಒಂದು ದಿನವೂ ಇತ್ಯರ್ಥವಾಗಲಿಲ್ಲ. ಆಗಬಾರದೆಂಬುದೇ ಇಬ್ಬರ ಇಚ್ಛೆಯಾಗಿತ್ತೆಂದು ನನಗೆ ಕಾಣುತ್ತದೆ. ಜರುಗುವುದು ಹೋಗಿ ಒಂದು ದಿನ ಗೋಡೆ ಹಿಡಿದು ನಡೆಯುವುದು ಬಂತು. ಗೋಡೆ ಮುಗಿದ ಕಡೆ ಹಳೆಯ ಒನಕೆಯೊಂದು ಅವಳ ಊರುಗೋಲಾಯಿತು. ಕೂಸಿಗೆ ಹೆಸರಿಟ್ಟು ಅದು ಹೊಸಿಲು ದಾಟುವ ದಿನ ಬಂದಾಗ, "ಇನ್ನೇನು, ನಾಳೆಯಿಂದ ನಾವೇ ಕೂಸ್ನ ನಿಮ್ಮನೆಗೆ ತತ್ತೀವಿ" ಎಂದ ಬೋರಮ್ಮನನ್ನು ಅಜ್ಜಿ ಗದರಿಸಿದಳು. "ಯಾಕೆ, ನಂಗೇನು ಕಾಲಿಲ್ವಾ?" ತಟ್ಟೆಯಲ್ಲಿ ಮುದ್ದೆ ಮೊದಲಿನ ಗಾತ್ರಕ್ಕೆ ಬಂದಿತ್ತು. ನನಗೆ ಉಳಿಯುತ್ತಿದ್ದ ಚೂರು ನಿಂತುಹೋದದ್ದಕ್ಕೆ ನಾನು ಮುನಿಸಿಕೊಂಡಿದ್ದೆ.

ಇದನ್ನೆಲ್ಲ ಅವ್ವ ಒಲೆಯ ಮುಂದಿನಿಂದ ನೋಡುತ್ತಿದ್ದಳು. ಮೊದಮೊದಲು ಅವಳಿಗೆ ಅವಮಾನ. "ನಾನು ಮಾಡಿದ್ದು ಸಾಲ್ದಾಯ್ತಾ? ಎದುರುಮನೇಗೆ ಓಗಿ ಚಾಕರಿ ಮಾಡ್ತಾವ್ರೆ" ಎಂದು ಅಪ್ಪನ ಹತ್ತಿರ ಅತ್ತಳು. ಆಮೇಲೆ ಒಂದು ಮಧ್ಯಾಹ್ನ ನಡುಮನೆ ಸಾರಿಸಲು ಬಂದವಳು ಕಂಬದ ಬುಡದಲ್ಲಿ ಬಹಳ ಹೊತ್ತು ಕೂತಿದ್ದಳು. ಆ ನೆಲ ಒಣಗಿತ್ತು. ಅಂಗೈ ಆಡಿಸಿ ಆಡಿಸಿ ನೋಡಿದಳು. ಅವಳಿಗೆ ಏನು ಅರ್ಥವಾಯಿತೋ ನಾನು ಕೇಳಲಿಲ್ಲ. ಅವತ್ತು ಸಂಜೆ ಒಣಗಿದ ಅವರೆಕಾಯಿ ತುಂಬಿದ ಮೊರವನ್ನು ತಂದು ಅಜ್ಜಿಯ ಮುಂದೆ ಕುಕ್ಕಿ, "ಸುಲಿದು ಕೊಡಿ ಅತ್ತೆ, ನಂಗೆ ಕೈ ಬುಡುವಿಲ್ಲ" ಅಂದಳು. ಅಜ್ಜಿ ಸೊಸೆಯ ಮುಖವನ್ನೇ ಒಂದು ಗಳಿಗೆ ನೋಡಿ ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು.

ಮುಂಗಾರು ಹದವಾಗಿ ಬಂತು. ಬಿತ್ತನೆಯ ಬೆಳಿಗ್ಗೆ ಅಪ್ಪ ಕೂರಿಗೆ ಹೊತ್ತು ಮುಂದೆ ಹೋಗಿದ್ದ. ನಾವು ಹೊಲ ಮುಟ್ಟಿದಾಗ ಅವನು ಎತ್ತು ಕಟ್ಟಿ ಹಗ್ಗಕ್ಕೆ ಸಡ್ಡೆ ಬಿಗಿಯುತ್ತಿದ್ದ. ತಲೆಯೆತ್ತಿ ನೋಡಿದರೆ ಬದುವಿನ ಮೇಲೆ ಒನಕೆ ಊರಿಕೊಂಡು ಅಜ್ಜಿ, ಅವಳ ಹೆಗಲು ಹಿಡಿದು ಬೋರಮ್ಮ, ಹಿಂದೆ ಬಿತ್ತನೆ ಮಡಕೆ ಹೊತ್ತ ಅವ್ವ, ಅವಳ ಹಿಂದೆ ನಾನು. ಅಪ್ಪ ಕೈಯಲ್ಲಿದ್ದ ಹಗ್ಗ ಬಿಟ್ಟ.

"ಬ್ಯಾಡ ಕಣವ್ವ. ಉತ್ತ ನೆಲ. ಎತ್ತು ನಿಲ್ಲಕಿಲ್ಲ. ನೀ ಬಿದ್ರೆ..." ಅವನು ಅವಳ ಎಡಗಾಲಿನ ಕಡೆ ನೋಡಿದ. "ಆ ಸದ್ದು ಇನ್ನೂ ನನ್ನ ಕಿವೀಲದೆ."

ಆಗ ನನಗೆ ಗೊತ್ತಾಯಿತು, ಅಪ್ಪ ಹೆದರಿದ್ದಾನೆ ಎಂದು. ಅಷ್ಟು ದಿನ ಅವನಿಗೆ ಸಿಟ್ಟು ಎಂದುಕೊಂಡಿದ್ದೆ. ಅಜ್ಜಿ ಬದುವಿನಿಂದ ಒಂದು ಕಾಲು, ಇನ್ನೊಂದು ಕಾಲು ಎಂದು ಇಳಿದು ಅವನ ಮುಂದೆ ಬಂದು ನಿಂತಳು.

"ಮುರಿದಿದ್ದು ನನ್ನ ಕಾಲು ಕಣ್ಲಾ ಮಗ. ನೀನ್ಯಾಕೆ ಕುಂಟ್ತಾ ಇದ್ದೀಯ?"

ಅಪ್ಪ ಅವ್ವನ ಕಡೆ ತಿರುಗಿದ. "ನೀನಾದ್ರೂ ಒಂದು ಮಾತು ಯೋಳು."

ಅವ್ವ ಆಗ ಬಸುರಿ. ಮಡಕೆ ಇಳಿಸಿ, ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಬೂದಿ ಊದಿ, ಅವರೆಬೀಜವನ್ನು ಅಜ್ಜಿಯ ಮಡಿಲಿಗೆ ಸುರಿದಳು. ಸೆರಗಿನ ತುದಿಯನ್ನು ತಾನೇ ಬಿಗಿದು ಸಿಕ್ಕಿಸಿದಳು.

"ನಾನೇನು ಯೋಳ್ಲಿ? ಮೊದಲ್ನೆ ಸಾಲು ಅತ್ತೇದು. ಎರಡನೇ ಸಾಲಿನಿಂದ ನಾನು ಅವರಿಗೆ ಮುಯ್ಯಾಳು." ಆಮೇಲೆ ಅಜ್ಜಿಗೆ, ದನಿ ಸ್ವಲ್ಪ ಗಡುಸು ಮಾಡಿ: "ಸುಮ್ನೆ ಅಲ್ಲ ಅತ್ತೆ. ಸುಗ್ಗಿ ಒತ್ಗೆ ಬಂದು ನನ್ನ ಕೂಸಿಗೆ ನೀರು ಹಾಕ್ಬೇಕು. ಕಾಲು ನೋವು, ಸೊಂಟ ನೋವು ಅನ್ನಂಗಿಲ್ಲ."

"ಅಂದ್ರೆ ತಾನೆ?" ಅಂದಳು ಅಜ್ಜಿ.

ಸಡ್ಡೆ ಹಿಡಿಯಲು ಒಂದು ಕೈ ಬೇಕು, ಬೀಜ ಬಿಡಲು ಒಂದು ಕೈ. ಒನಕೆಗೆ ಮೂರನೆಯ ಕೈಯಿಲ್ಲ. ಅಜ್ಜಿ ಅದನ್ನು ನನಗೆ ಕೊಟ್ಟಳು. ಅದು ನನಗಿಂತ ಉದ್ದವಿತ್ತು. ಸಡ್ಡೆಯ ತುದಿಯನ್ನು ಮಣ್ಣಿಗೆ ಊರಿ, "ಒಡೀಲಾ" ಅಂದಳು. ಅಪ್ಪ ಎತ್ತು ಹೊಡೆದ. ಹಗ್ಗ ಬಿಗಿಯಿತು, ಸಡ್ಡೆ ಮುಂದೆ ಎಳೆಯಿತು, ಅಜ್ಜಿ ಅದರ ಹಿಂದೆ ಹೊರಟಳು. ಎಡಗಾಲು ಪ್ರತಿ ಹೆಜ್ಜೆಗೂ ಮಣ್ಣಿನಲ್ಲಿ ಹುಗಿದು ಎಳೆದು ಬರುತ್ತಿತ್ತು. ಅಪ್ಪ ಹಿಂದೆ ತಿರುಗಿ ನೋಡುವಂತಿಲ್ಲ, ಸಾಲು ಸೊಟ್ಟಗಾಗುತ್ತದೆ. ಅವನ ಬೆನ್ನು ಮಾತ್ರ ಕಿವಿಯಾಗಿತ್ತು. ಹೊಲದ ನಡುವೆ ಅಜ್ಜಿ ನಿಂತುಬಿಟ್ಟಳು. ಹಗ್ಗ ಸೆಟೆಯಿತು. ಅದು ಅಪ್ಪನ ಕೈಗೆ ತಿಳಿಯಿತು. "ಹೋ" ಎಂದು ಎತ್ತು ತಡೆದ.

"ನಿಲ್ಲಿಸ್ಬ್ಯಾಡ ಕಣ್ಲಾ!"

ಅದು ಬೇನೆಯ ಕೂಗೋ ಬೈಗುಳವೋ ಗೊತ್ತಾಗಲಿಲ್ಲ. ಎತ್ತು ಮತ್ತೆ ಹೊರಟಿತು. ಅಜ್ಜಿಯೂ ಹೊರಟಳು. ನಾನು ಒನಕೆ ತಬ್ಬಿಕೊಂಡು ನಿಂತಿದ್ದೆ. ನನ್ನ ಪಕ್ಕದಲ್ಲಿ ಬೋರಮ್ಮ, ಏನೂ ಕಾಣದವಳು, "ಎಲ್ಲವಳೆ? ಈಗೆಲ್ಲವಳೆ?" ಎಂದು ನನ್ನ ತೋಳು ಹಿಂಡುತ್ತಿದ್ದಳು. ಕೊನೆಗೆ ತಾಳಲಾರದೆ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು.

"ಕೆಂಪೀ! ಇದ್ದೀಯೇನೇ?"

ಆಚೆ ಬದುವಿನಿಂದ ಉತ್ತರ ಬಂತು, ಉಸಿರು ಕಟ್ಟಿದ, ಗೆದ್ದ ದನಿ.

"ಇವ್ನಿ ಕಣೇ! ಎಲ್ಲಿಗೂ ಓಗ್ಬ್ಯಾಡ, ಮನೆಗೆ ಕರ್ಕೊಂಡೋಗೋ ಮುಯ್ಯಿ ನಿಂದು!"

ಎರಡನೆಯ ಸಾಲಿಗೆ ಅವ್ವ ಸಡ್ಡೆ ಹಿಡಿದಳು. ಅಜ್ಜಿ ಬದುವಿನ ಮೇಲೆ ಕಾಲು ಚಾಚಿ ಕೂತು, "ಬೆರಳು ಸಡ್ಲ ಬುಡು ತಾಯಿ, ಬಿಗಿ ಹಿಡಿದ್ರೆ ಬೀಜ ಗುಂಪಾಯ್ತದೆ" ಎಂದು ಕೂಗಿ ಹೇಳುತ್ತಿದ್ದಳು.

ಬಹಳ ವರ್ಷಗಳ ಮೇಲೆ ಅವ್ವನ ಜೊತೆ ಇದನ್ನು ಮಾತಾಡುವಾಗ ಅವಳು ತಲೆಯಾಡಿಸಿದಳು. ಅಜ್ಜಿ ಅರ್ಧ ಸಾಲು ನಡೆದಳು, ಮಿಕ್ಕದ್ದನ್ನು ಅಪ್ಪ ತೋಳು ಹಿಡಿದು ದಾಟಿಸಿದ ಎಂದಳು. ನನ್ನ ನೆನಪಿನಲ್ಲಿ ಅಪ್ಪ ಒಮ್ಮೆಯೂ ಹಿಂದೆ ತಿರುಗಲಿಲ್ಲ. ನಮ್ಮಿಬ್ಬರಲ್ಲಿ ಯಾರು ತಿದ್ದುತ್ತಿದ್ದೇವೋ ತಿಳಿಯದು. ಆದರೆ ಈ ಒಂದು ವಿಷಯದಲ್ಲಿ ನಾನು ನೆನಪನ್ನು ನೆಚ್ಚಿಕೊಳ್ಳಬೇಕಾಗಿಲ್ಲ. ಅವರೆ ಮೊಳೆತು ಮೇಲೆ ಬಂದಾಗ ಆ ಮೊದಲ ಸಾಲನ್ನು ಊರೇ ನೋಡಿತು, ನಾನೂ ಅವ್ವನೂ ಒಟ್ಟಿಗೆ ನಿಂತು ನೋಡಿದೆವು. ಉಳಿದ ಸಾಲುಗಳು ಒಂದೇ ಸಮ. ಅಜ್ಜಿಯ ಸಾಲಿನಲ್ಲಿ ಅವಳ ನಡಿಗೆಯೇ ಮೊಳೆತಿತ್ತು. ಕಾಲು ಎಳೆದ ಕಡೆ ತೆಳು, ಸುಧಾರಿಸಿಕೊಂಡ ಕಡೆ ಒತ್ತು. ಹೊಲದ ನಡುವೆ, ಅವಳು ನಿಂತುಬಿಟ್ಟ ಜಾಗದಲ್ಲಿ, ಒಂದು ಹಿಡಿ ಬೀಜ ಒಟ್ಟಿಗೆ ಬಿದ್ದು ಪೊದೆಯಂತೆ ಎದ್ದ ಒಂದು ಗುಂಪು. ಅದಾದ ಮೇಲೆ ಒಂದಿಷ್ಟು ಬರಿ ನೆಲ. ಆಮೇಲೆ ಮತ್ತೆ ಹಸಿರು, ಆಚೆ ಬದುವಿನವರೆಗೆ, ಬಿಡದೆ.

ಅಪ್ಪ ಖಾಲಿ ಜಾಗಕ್ಕೆ ಊರಲು ಬೀಜ ತಂದ. ಅವ್ವ ಅವನ ಕೈ ಹಿಡಿದಳು.

"ಅಂಗೇ ಇರ್ಲಿ ಬುಡಿ."

ಆ ಸುಗ್ಗಿಯಲ್ಲಿ ನನ್ನ ತಮ್ಮ ಹುಟ್ಟಿದ. ಅವನಿಗೆ ನೀರು ಹಾಕುವ ಹೊತ್ತಿಗೆ ಅಜ್ಜಿ ಎರಡೂ ಕಾಲನ್ನು ಜೋಡಿಸಿ ಚಾಚಿದಳು. ಗಂಟುಗಾಲು ಒಳ್ಳೆಯ ಕಾಲಿಗೆ ಸಮನಾಗಿ ನಿಂತಿತು, ಅದರ ಮೇಲೆ ಅವನು ಎಣ್ಣೆಯಲ್ಲಿ ಮಿರುಗುತ್ತ ಕಿರುಚಿದ. ಬಚ್ಚಲಿನ ಬಾಗಿಲಲ್ಲಿ ಬೋರಮ್ಮ ಹಿತಕಲು ನೆನೆಸಿದ ಅವರೆಕಾಳಿನ ಪಾತ್ರೆ ಹಿಡಿದು ಕೂತಿದ್ದಳು. ಅದು ಅಜ್ಜಿಯ ಸಾಲಿನ ಆ ಗುಂಪಿನದು. ಇಡೀ ಹೊಲದಲ್ಲಿ ಅಷ್ಟು ಕಾಯಿ ಬೇರೆಲ್ಲೂ ಬಿಟ್ಟಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ಒಂದೊಂದು ಕಾಳನ್ನೂ ಹಿತಕಿ ಸಿಪ್ಪೆ ಹಾರಿಸುತ್ತ ಅವಳು ಅಂದಳು:

"ನೀ ಎಡವಿ ನಿಂತಿದ್ದೇ ಒಳ್ಳೇದಾಯ್ತು ಕಣೆ ಕೆಂಪಿ. ಬರೋ ವರ್ಷ ಇನ್ನೊಂದೆರಡು ಕಡೆ ನಿಂತ್ಕ."

"ನಿಲ್ತೀನಿ ಬುಡು" ಎಂದು ಅಜ್ಜಿ ಅವನ ನೆತ್ತಿಗೆ ನೀರು ಹುಯ್ದಳು.